ಮೂಲೆ ಸೇರಿದ ಬಟ್ಟೆಯೇ, ಬೇರೆಯವರು ತೊಟ್ಟ ಬಟ್ಟೆಯೇ: ಹಳತರಿಂದ ಉಡುಪು ಹೊಂದಿಸಿಕೊಳ್ಳುವವರಿಗೊಂದು ಹೋಲಿಕೆ

ಹೊಸ ಬಟ್ಟೆ ಕೊಳ್ಳುವುದನ್ನು ಕಡಿಮೆ ಮಾಡಿ, ಇರುವ ಹಳೆಯ ಬಟ್ಟೆಗಳಿಂದಲೇ ತಮಗೊಪ್ಪುವ ಉಡುಪು ಹೊಂದಿಸಿಕೊಳ್ಳಬೇಕೆಂದು ಹೊರಟವರು ಮೊದಲ ಹೆಜ್ಜೆಯಲ್ಲೇ ಗೊಂದಲಕ್ಕೆ ಬೀಳುತ್ತಾರೆ. ಕಪಾಟಿನ ತಳದಲ್ಲಿ ವರ್ಷಗಳಿಂದ ಮಡಿಕೆ ಬಿಚ್ಚದೆ ಬಿದ್ದಿರುವ ಸ್ವಂತ ಬಟ್ಟೆಗಳಿವೆ. ಮನೆಯ ಹಿರಿಯರು ಟ್ರಂಕಿನಲ್ಲಿ ಜೋಪಾನವಾಗಿಟ್ಟವು ಇವೆ. ಬಳಸಿದ ಬಟ್ಟೆ ಮಾರುವ ಅಂಗಡಿಗಳಿವೆ. ಅದೇ ಬಗೆಯ ಬಟ್ಟೆಯನ್ನು ಫೋಟೋ ತೋರಿಸಿ ಆನ್‌ಲೈನ್‌ನಲ್ಲಿ ಮಾರುವವರಿದ್ದಾರೆ. ಸ್ನೇಹಿತರ ನಡುವೆ ಅದಲುಬದಲು ಮಾಡಿಕೊಳ್ಳುವ ದಾರಿಯೂ ಇದೆ. ಈ ಐದರಲ್ಲಿ ಯಾವುದರಿಂದ ಆರಂಭಿಸಬೇಕು, ಯಾವುದಕ್ಕೆ ಹಣ ಹಾಕಬೇಕು, ಯಾವುದನ್ನು ಬಿಡಬೇಕು ಎಂಬುದು ಒಬ್ಬೊಬ್ಬರ ಮೈಕಟ್ಟು, ಬಿಡುವು ಮತ್ತು ಕೈಯಲ್ಲಿರುವ ಹಣವನ್ನು ಅವಲಂಬಿಸಿದೆ. ಆದರೂ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಸ್ವಂತ ಕಪಾಟನ್ನು ಪೂರ್ತಿ ಬರಿದು ಮಾಡಿ ನೋಡುವವರೆಗೆ ಉಳಿದ ನಾಲ್ಕು ದಾರಿಗಳನ್ನು ಹಿಡಿಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಏನು ಕಡಿಮೆಯಿದೆ ಎಂದು ತಿಳಿಯದೆ ಅಂಗಡಿಗೆ ಹೋದವರು ಎಷ್ಟು ಅಗ್ಗಕ್ಕೆ ತಂದರೂ, ಮೂಲೆ ಸೇರುವ ಬಟ್ಟೆಗಳ ರಾಶಿಗೆ ಇನ್ನೊಂದನ್ನು ಸೇರಿಸಿದಂತಾಗುತ್ತದೆ.

ಅಳೆಯುವುದು ಯಾವುದರಿಂದ

ಎಲ್ಲಿಂದ ಬಂದ ಬಟ್ಟೆಯೇ ಆದರೂ ಅದನ್ನು ನೋಡಬೇಕಾದ ಮೊದಲ ಕಣ್ಣು ಅದು ಮೈಮೇಲೆ ಕೂರುವ ಬಗೆಯದು, ಅದರಲ್ಲೂ ಹೆಗಲಿನದು. ಅಂಗಿಯ ಉದ್ದ, ತೋಳಿನ ಉದ್ದ, ಪಕ್ಕದ ಹೊಲಿಗೆ, ಪ್ಯಾಂಟಿನ ಸೊಂಟ, ಕಾಲಿನ ಅಂಚು ಇವನ್ನೆಲ್ಲ ಸಾಧಾರಣ ದರ್ಜಿಯೊಬ್ಬರು ಹೆಚ್ಚು ಶ್ರಮವಿಲ್ಲದೆ ಸರಿಮಾಡಿಕೊಡಬಲ್ಲರು. ಹೆಗಲು ಹಾಗಲ್ಲ. ಅದನ್ನು ಸರಿಪಡಿಸಲು ತೋಳನ್ನೇ ಬಿಚ್ಚಿ, ಕಂಕುಳಿನ ಸುತ್ತನ್ನು ಮತ್ತೆ ಕತ್ತರಿಸಿ, ತೋಳನ್ನು ಮರಳಿ ಕೂರಿಸಬೇಕು. ಲೈನಿಂಗ್ ಇರುವ ಕೋಟಾದರೆ ಅರ್ಧ ಕೋಟನ್ನು ಹೊಸದಾಗಿ ಹೊಲಿದಷ್ಟು ಕೆಲಸ. ಹಾಗೆಯೇ ದೊಡ್ಡದನ್ನು ಚಿಕ್ಕದು ಮಾಡುವುದು ಸುಲಭ, ಆದರೆ ಚಿಕ್ಕದನ್ನು ದೊಡ್ಡದು ಮಾಡಬೇಕಾದರೆ ಹೊಲಿಗೆಯ ಒಳಗೆ ಹೆಚ್ಚುವರಿ ಬಟ್ಟೆ ಬಿಟ್ಟಿರಬೇಕು. ಅದು ಇದ್ದರೂ, ಬಿಚ್ಚಿದ ಹಳೆಯ ಹೊಲಿಗೆಯ ಗುರುತು ಮತ್ತು ಮಾಸದೆ ಉಳಿದ ಬಣ್ಣದ ಪಟ್ಟಿ ಹೊರಗೆ ಕಾಣುವ ಸಾಧ್ಯತೆಯನ್ನು ಮರೆಯಬಾರದು.

ಎರಡನೆಯದು ನೂಲು ಯಾವುದು, ಅದು ಈಗ ಯಾವ ಸ್ಥಿತಿಯಲ್ಲಿದೆ ಎಂಬುದು. ಹಳೆಯ ಬಟ್ಟೆಗಳಲ್ಲಿ ಎಷ್ಟೋ ಸಲ ನೂಲು, ಸೈಜು ಬರೆದಿರುವ ಪಟ್ಟಿಯೇ ಉದುರಿಹೋಗಿರುತ್ತದೆ. ಆಗ ಒಳಗಡೆಯ ಅಂಚಿನಲ್ಲಿ ಬಟ್ಟೆಯದೇ ಒಂದೆಳೆಯನ್ನು ಎಳೆದು ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಸುಟ್ಟು ನೋಡಬಹುದು. ಹೊಲಿಗೆಯ ದಾರವನ್ನು ಎಳೆಯಬಾರದು. ಬಟ್ಟೆ ಹತ್ತಿಯದಾದರೂ ದಾರ ಪಾಲಿಯೆಸ್ಟರ್ ಆಗಿರುವುದು ಸಾಮಾನ್ಯ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆಯ ಬೂದಿಯಾಗುತ್ತದೆ, ಉಣ್ಣೆ ಮತ್ತು ರೇಷ್ಮೆ ಕೂದಲು ಸುಟ್ಟಂತೆ ನಾರುತ್ತವೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಈ ತಿಳಿವಳಿಕೆಯಿಂದ ಒಗೆಯುವ ಕ್ರಮವೂ ತೀರ್ಮಾನವಾಗುತ್ತದೆ: ಹತ್ತಿ ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ, ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಆದ್ದರಿಂದ ಹಳೆಯ ರೇಯಾನ್ ಅಂಗಿಯನ್ನು ಹಿಂಡಿದರೆ ಹರಿದೇ ಹೋಗಬಹುದು.

ಹಳೆಯದಾದಷ್ಟೂ ಕೈಕೊಡುವ ವಸ್ತುಗಳು ಎರಡಿವೆ. ಒಂದು, ಹಿಗ್ಗುವ ನೂಲು. 1958ರಲ್ಲಿ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ರೂಪಿಸಿದ ಸ್ಪ್ಯಾಂಡೆಕ್ಸ್ ಇಂದು ಜೀನ್ಸಿನಿಂದ ಹಿಡಿದು ಕಾಲುಚೀಲದವರೆಗೆ ಎಲ್ಲದರಲ್ಲೂ ಬೆರೆತಿದೆ. ಬಿಸಿ, ಕ್ಲೋರಿನ್ ಮತ್ತು ಕಾಲ ಸೇರಿ ಅದರ ಬಿಗುವನ್ನು ಕೊಲ್ಲುತ್ತವೆ. ಮೊಣಕಾಲಿನ ಬಳಿ ಜೋತುಬಿದ್ದ, ಹೊಲಿಗೆಯ ಉದ್ದಕ್ಕೂ ಅಲೆಅಲೆಯಾಗಿ ಸುಕ್ಕುಗಟ್ಟಿದ ಬಟ್ಟೆಯನ್ನು ಯಾವ ದರ್ಜಿಯೂ ಮರಳಿ ಬಿಗಿ ಮಾಡಲಾರರು. ಇನ್ನೊಂದು, ಪಾಲಿಯುರೆಥೇನ್ ಲೇಪದ ಕೃತಕ ಚರ್ಮ. ಗಾಳಿಯ ತೇವವೇ ಅದನ್ನು ಒಳಗಿಂದ ಒಡೆಯುತ್ತದೆ, ಆದ್ದರಿಂದ ಒಮ್ಮೆಯೂ ತೊಡದೆ ಪೆಟ್ಟಿಗೆಯಲ್ಲಿಟ್ಟ ಜಾಕೆಟ್ ಕೂಡ ಕೆಲವು ವರ್ಷಗಳ ಬಳಿಕ ಹಕ್ಕಳೆ ಹಕ್ಕಳೆಯಾಗಿ ಸುಲಿಯುತ್ತದೆ. ಇವೆರಡನ್ನೂ ಎಷ್ಟು ಅಗ್ಗಕ್ಕೆ ಸಿಕ್ಕರೂ ಬಿಟ್ಟುಬಿಡಿ ಎನ್ನುತ್ತೇನೆ.

ಮೂರನೆಯದು, ಆ ಬಟ್ಟೆ ನಿಮ್ಮಲ್ಲಿ ಈಗಾಗಲೇ ಇರುವ ಎಷ್ಟರ ಜೊತೆ ಹೊಂದುತ್ತದೆ ಎಂಬ ಲೆಕ್ಕ. ಐದು ಮೇಲಂಗಿಗಳು ಮತ್ತು ನಾಲ್ಕು ಪ್ಯಾಂಟುಗಳು ಒಂದಕ್ಕೊಂದು ಹೊಂದುವಂತಿದ್ದರೆ ಇಪ್ಪತ್ತು ಜೋಡಿಗಳಾಗುತ್ತವೆ. ಐದೂ ಅಂಗಿಗಳಿಗೆ ಹೊಂದುವ ಒಂದು ಪ್ಯಾಂಟು ತಂದರೆ ಐದು ಜೋಡಿಗಳು ಹೆಚ್ಚುತ್ತವೆ. ಒಂದೇ ಒಂದು ಪ್ಯಾಂಟಿಗೆ ಹೊಂದುವ ಸೊಗಸಾದ ಅಂಗಿ ತಂದರೆ ಹೆಚ್ಚುವುದು ಒಂದು ಮಾತ್ರ. ಕೊನೆಯದಾಗಿ ವೆಚ್ಚ ಮತ್ತು ಸಮಯವನ್ನು ನೋಡುವಾಗ ಕೊಂಡ ಬೆಲೆಗೆ ದರ್ಜಿಯ ಕೂಲಿ, ಒಗೆತ, ಓಡಾಟ ಎಲ್ಲವನ್ನೂ ಸೇರಿಸಿ, ವರ್ಷಕ್ಕೆ ಎಷ್ಟು ಸಲ ತೊಡುತ್ತೀರೋ ಅಷ್ಟರಿಂದ ಭಾಗಿಸಬೇಕು.

ಸ್ವಂತ ಕಪಾಟು

ವೆಚ್ಚದಲ್ಲಿ ಇದನ್ನು ಮೀರಿಸುವ ದಾರಿಯಿಲ್ಲ. ಕೊಳೆ, ಹುಳ, ಅಪರಿಚಿತರ ಬೆವರು ಎಂಬ ಅಳುಕೂ ಇಲ್ಲ. ಆದರೂ ಜನ ಇದನ್ನೇ ಕಡೆಗಣಿಸುತ್ತಾರೆ, ಏಕೆಂದರೆ ತೊಡದೆ ಬಿಟ್ಟ ಬಟ್ಟೆಯನ್ನು ತೊಡಲಾಗದ ಬಟ್ಟೆಯೆಂದು ಮನಸ್ಸು ಒಪ್ಪಿಕೊಂಡಿರುತ್ತದೆ. ನನ್ನಲ್ಲಿ ಬೂದು ಬಣ್ಣದ ಒಂದು ಉಣ್ಣೆಯ ಕೋಟಿತ್ತು. ಆರು ವರ್ಷ ಅದನ್ನು ಮುಟ್ಟಿರಲಿಲ್ಲ, ನನಗದು ಬಿಗಿಯಾಗಿದೆಯೆಂದೇ ನಂಬಿದ್ದೆ. ಒಂದು ದಿನ ಎಲ್ಲವನ್ನೂ ಹೊರತೆಗೆದು ಹಾಸಿಗೆಯ ಮೇಲೆ ಹರಡಿದಾಗ ಅದನ್ನು ತೊಡಲು ಹೋದೆ. ಎಡಗೈಯ ಬೆರಳುಗಳು ಕಂಕುಳಿನ ಬಳಿ ಪಿಸಿದ ಲೈನಿಂಗಿನೊಳಗೆ ನುಗ್ಗಿ ಸಿಕ್ಕಿಕೊಂಡವು. ಕೈಯನ್ನು ಹಿಂದಕ್ಕೆಳೆದು ಮತ್ತೆ ತೂರಿಸಿದಾಗ ಕೋಟು ಹೆಗಲ ಮೇಲೆ ಸರಿಯಾಗಿಯೇ ಕೂತಿತು. ಪ್ರತಿ ಸಲವೂ ಹೀಗೆ ಕೈ ಸಿಕ್ಕಿಕೊಳ್ಳುವ ಕಿರಿಕಿರಿಗೇ ಅದನ್ನು ದೂರವಿಟ್ಟಿದ್ದೆ, ಕಾರಣ ಮಾತ್ರ ಮರೆತುಹೋಗಿತ್ತು. ಒಂದು ಗೇಣಿನಷ್ಟು ಕೈಹೊಲಿಗೆ ಹಾಕಿದ ಮೇಲೆ ಈಗ ಚಳಿಗಾಲದಲ್ಲಿ ಅದೇ ನನ್ನ ಮೈಮೇಲಿರುತ್ತದೆ.

ಆದ್ದರಿಂದ ಇಲ್ಲಿ ಮಾಡಬೇಕಾದ ಕೆಲಸವೆಂದರೆ ಪ್ರತಿಯೊಂದು ಬಟ್ಟೆಯನ್ನೂ ನಿಜವಾಗಿ ತೊಟ್ಟು ನೋಡಿ, ಅದು ಏಕೆ ಮೂಲೆ ಸೇರಿತೆಂಬ ಕಾರಣವನ್ನು ಹುಡುಕುವುದು. ಗುಂಡಿ ಬಿದ್ದಿರಬಹುದು, ಜಿಪ್ ಕಚ್ಚುತ್ತಿರಬಹುದು, ಕಾಲಿನ ಉದ್ದ ಎರಡು ಬೆರಳು ಹೆಚ್ಚಿರಬಹುದು, ಕಾಲರ್ ಹಿಂಜಿರಬಹುದು. ಇವೆಲ್ಲ ಸಣ್ಣ ಕಾರಣಗಳು. ಕಾಲರನ್ನಂತೂ ಬಿಚ್ಚಿ, ತಿರುವಿ, ಹಿಂಜದ ಬದಿ ಮೇಲೆ ಬರುವಂತೆ ಮರಳಿ ಹೊಲಿದರೆ ಅಂಗಿಗೆ ಇನ್ನಷ್ಟು ವರ್ಷಗಳ ಆಯುಷ್ಯ ಬರುತ್ತದೆ. ಹೊಂದುವ ಜೋಡಿಯಿಲ್ಲದೆ ಮೂಲೆ ಸೇರಿದ ಬಟ್ಟೆಯಾದರೆ ಅದನ್ನು ಪ್ರತ್ಯೇಕವಾಗಿಡಿ, ಏಕೆಂದರೆ ಮುಂದೆ ಅಂಗಡಿಯಲ್ಲಿ ಏನು ಹುಡುಕಬೇಕೆಂದು ಹೇಳಿಕೊಡುವುದು ಅದೇ. ಮೈಗೆ ಚುಚ್ಚುವ ನೂಲು, ಹೆಗಲಿನಲ್ಲೇ ಬಿಗಿ, ಈಗಿಲ್ಲದ ಜೀವನಕ್ಕೆ ಸೇರಿದ ಬಟ್ಟೆ ಎಂಬ ಕಾರಣಗಳು ಮಾತ್ರ ಬಿಟ್ಟುಕೊಡಲು ಯೋಗ್ಯವಾದವು, ಮತ್ತು ಅವನ್ನು ಅದಲುಬದಲಿಗೆ ಕೊಡಬಹುದು.

ಈ ದಾರಿಯ ದೌರ್ಬಲ್ಯವೆಂದರೆ ನಿಮ್ಮ ಹಳೆಯ ಅಭಿರುಚಿಯೇ ಅದರಲ್ಲಿ ಮತ್ತೆ ಮತ್ತೆ ಎದುರಾಗುವುದು. ಎಂಟು ನೀಲಿ ಅಂಗಿಗಳಿದ್ದು ಒಂದೇ ಕಪ್ಪು ಪ್ಯಾಂಟು ಇರುವವರು ಎಷ್ಟು ಹೊಂದಿಸಿದರೂ ಎಂಟನ್ನು ದಾಟುವುದಿಲ್ಲ. ಆ ಕೊರತೆ ಕಣ್ಣಿಗೆ ಬೀಳಬೇಕಾದರೆ ಬಟ್ಟೆಗಳನ್ನು ಬಗೆಯಿಂದ ಬಗೆಗೆ ಬೇರ್ಪಡಿಸಿ ಎಣಿಸಬೇಕು. ಮಡಿಚಿಟ್ಟ ಸಾಲಿನಲ್ಲಿ ಅದು ಕಾಣುವುದಿಲ್ಲ.

ಹಿರಿಯರ ಟ್ರಂಕು

ಹಿರಿಯರ ಬಟ್ಟೆಗಳಲ್ಲಿ ಅನೇಕವನ್ನು ಅಳತೆ ಕೊಟ್ಟು ಹೊಲಿಸಿದ್ದರಿಂದ ಒಳಹೊಲಿಗೆಯಲ್ಲಿ ಧಾರಾಳವಾಗಿ ಬಟ್ಟೆ ಬಿಟ್ಟಿರುತ್ತಾರೆ, ಹೀಗಾಗಿ ಹಿಗ್ಗಿಸಲು ಅವಕಾಶವಿರುತ್ತದೆ. ಹಣದ ಮಾತೇ ಬರುವುದಿಲ್ಲ. ಆದರೆ ಬೇರೊಬ್ಬರ ಮೈಗೆಂದೇ ಹೊಲಿದ ಬಟ್ಟೆಯ ಹೆಗಲು ನಿಮಗೆ ಸರಿಯಾಗಿ ಕೂರುವುದು ಅಪರೂಪ. ಕೂರದಿದ್ದಾಗ ಅದನ್ನು ಕತ್ತರಿಸಲು ಹೊರಡುವ ಬದಲು, ದೊಡ್ಡದಾದ ಅಂಗಿಯನ್ನು ಗುಂಡಿ ಹಾಕದೆ ಮೇಲುಹೊದಿಕೆಯಂತೆ ತೊಡುವುದು, ಕೋಟಿನ ತೋಳನ್ನು ಒಂದು ಮಡಿಕೆ ಮೇಲಕ್ಕೆ ಮಡಿಚುವುದು, ಶಾಲು, ಬೆಲ್ಟು, ತೋಳಿಲ್ಲದ ಜಾಕೆಟ್‌ಗಳಂತಹ ಹೆಗಲಿನ ಅಳತೆಗೆ ಅಷ್ಟಾಗಿ ಕಟ್ಟುಬೀಳದ ವಸ್ತುಗಳನ್ನು ಆರಿಸಿಕೊಳ್ಳುವುದು ಜಾಣತನ. ಕತ್ತರಿ ಹಾಕುವ ಮೊದಲು, ಆ ಬಟ್ಟೆಯನ್ನು ತೊಟ್ಟವರು ಇದ್ದರೆ ಅವರನ್ನು ಕೇಳಬೇಕು, ಇಲ್ಲದಿದ್ದರೆ ಅದರ ನೆನಪಿರುವ ಮನೆಯವರೆಲ್ಲರನ್ನೂ ಕೇಳಬೇಕು. ಬಿಚ್ಚಿದ ಹೊಲಿಗೆಯನ್ನು ಮತ್ತೆ ಹಾಕಬಹುದು, ಕತ್ತರಿಸಿದ ಬಟ್ಟೆಯನ್ನು ಕೂಡಿಸಲಾಗದು.

ಟ್ರಂಕಿನ ಬಟ್ಟೆಯನ್ನು ಬಿಚ್ಚುವಾಗ ಮಡಿಕೆಯ ಗೆರೆಗಳ ಮೇಲೆ ಬೆರಳಾಡಿಸಿ. ಹಲವು ವರ್ಷ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ಬೆಳಕಿಗೆ ಹಿಡಿದರೆ ಅಲ್ಲಿ ಎಳೆಗಳು ಒಡೆದಿರುವುದು ಗೆರೆಗೆರೆಯಾಗಿ ಕಾಣುತ್ತದೆ. ಉಣ್ಣೆಯಲ್ಲಿ ಸಣ್ಣ ತೂತುಗಳಿದ್ದರೆ ಅದು ನುಸಿಯ ಕೆಲಸ. ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳ. ಅದಕ್ಕೆ ಬೇಕಾದದ್ದು ಉಣ್ಣೆ, ತುಪ್ಪಳ, ಗರಿಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್. ರೇಷ್ಮೆಯನ್ನೂ ಅದು ಬಿಡುವುದಿಲ್ಲ, ಆದರೆ ಶುಭ್ರವಾದ ಹತ್ತಿಯ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಅಂತಹ ಬಟ್ಟೆಯನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನ ಫ್ರೀಜರಿನಲ್ಲಿ ಒಂದೆರಡು ವಾರ ಇಟ್ಟು, ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಚೀಲ ಬಿಚ್ಚದೆ ಬಿಡಬೇಕು, ಇಲ್ಲದಿದ್ದರೆ ಬಟ್ಟೆಯ ಮೇಲೆ ನೀರಾಡುತ್ತದೆ. ನುಸಿಗುಳಿಗೆಯ ವಾಸನೆಗೆ ನೆರಳಿನಲ್ಲಿ ಗಾಳಿಗೆ ಹರಡಿಡುವುದೇ ಮದ್ದು, ಅದಕ್ಕೆ ವಾರಗಟ್ಟಲೆ ಬೇಕಾಗಬಹುದು. ಸುಗಂಧ ಸಿಂಪಡಿಸಿದರೆ ಎರಡು ವಾಸನೆಗಳು ಬೆರೆತು ಇನ್ನಷ್ಟು ಅಸಹನೀಯವಾಗುತ್ತದೆ.

ಬಳಸಿದ ಬಟ್ಟೆಯ ಅಂಗಡಿ

ಮುಟ್ಟಿ, ಮೂಸಿ, ತೊಟ್ಟು ನೋಡಬಹುದೆಂಬುದು ಅಂಗಡಿಯ ದೊಡ್ಡ ಬಲ. ಆ ಬಲವನ್ನು ಬಳಸಿಕೊಳ್ಳದೆ ಬರಿಯ ಬಣ್ಣ ನೋಡಿ ತರುವವರಿಗೆ ಆನ್‌ಲೈನ್‌ಗೂ ಅಂಗಡಿಗೂ ವ್ಯತ್ಯಾಸವಿಲ್ಲ. ಮನೆಯಿಂದ ಹೊರಡುವಾಗ ಜೋಡಿಯಿಲ್ಲದ ಆ ಸ್ವಂತ ಬಟ್ಟೆಯನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಬೇಕು, ಜೊತೆಗೆ ಒಂದು ಅಳತೆ ಟೇಪು. ನೆನಪಿನಲ್ಲಿರುವ ಕಂದುಬಣ್ಣಕ್ಕೂ ನಿಜವಾದ ಕಂದುಬಣ್ಣಕ್ಕೂ ಬಹಳ ದೂರ, ಅಂಗಡಿಯ ದೀಪದ ಕೆಳಗಂತೂ ಇನ್ನೂ ದೂರ; ಎರಡನ್ನೂ ಹಿಡಿದು ಕಿಟಕಿಯ ಬೆಳಕಿಗೆ ಬಂದು ನೋಡದೆ ಹೊಂದುತ್ತದೆ ಎನ್ನಬಾರದು.

ಪ್ಯಾಂಟಾದರೆ ಮೊದಲು ನೋಡಬೇಕಾದದ್ದು ಮುಂಭಾಗವನ್ನಲ್ಲ. ಅದನ್ನು ಒಳಗು ಹೊರಗು ಮಾಡಿ, ಕೈಯನ್ನು ಒಳಗೆ ಹಾಕಿ ತೊಡೆಸಂದಿನ ಭಾಗವನ್ನು ಬೆಳಕಿಗೆ ಹಿಡಿಯಿರಿ. ಅಲ್ಲಿ ಬೆರಳುಗಳ ನೆರಳು ಕಾಣುವಷ್ಟು ಬಟ್ಟೆ ತೆಳುವಾಗಿದ್ದರೆ, ಹೊರಗಿನಿಂದ ಎಷ್ಟು ಹೊಸದಾಗಿ ಕಂಡರೂ ಕೆಲವೇ ತಿಂಗಳಲ್ಲಿ ಅದು ಸೀಳುತ್ತದೆ. ಅಂಗಿಯಲ್ಲಿ ಕಾಲರಿನ ಮಡಿಕೆ, ಕಂಕುಳು ಮತ್ತು ಮೊಣಕೈ ನೋಡಬೇಕು. ಸ್ವೆಟರಿನಲ್ಲಿ ಉಂಡೆಗಟ್ಟಿದ ನೂಲನ್ನು ತೆಗೆಯಬಹುದು, ಆದರೆ ಒಗೆದು ಕುಗ್ಗಿ ಕಂಬಳಿಯಂತೆ ದಟ್ಟವಾದ ಉಣ್ಣೆ ಹಿಂದಿನ ಸ್ಥಿತಿಗೆ ಬರುವುದಿಲ್ಲ. ಜಿಪ್ಪನ್ನು ಮೂರು ಸಲ ಪೂರ್ತಿ ಎಳೆದು ನೋಡಿ. ಬಿಳಿ ಬಟ್ಟೆಯ ಕಂಕುಳಿನ ಹಳದಿ ಕಲೆ ಹತ್ತಿಯದಾದರೆ ಬೆಚ್ಚನೆಯ ನೀರಿನಲ್ಲಿ ಆಮ್ಲಜನಕದ ಬ್ಲೀಚು, ಅಂದರೆ ಸೋಡಿಯಂ ಪರ್‌ಕಾರ್ಬೊನೇಟ್, ಕಲಸಿ ನೆನೆಸಿಟ್ಟರೆ ಹೋಗುವ ಸಾಧ್ಯತೆಯಿದೆ; ಉಣ್ಣೆಗೂ ರೇಷ್ಮೆಗೂ ಅದನ್ನು ತಾಗಿಸಬಾರದು. ಬೂಷ್ಟಿನ ಕಪ್ಪು ಚುಕ್ಕೆಗಳ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ, ಅವುಗಳನ್ನು ಕಂಡೊಡನೆ ಬಟ್ಟೆಯನ್ನು ಕೆಳಗಿಡುತ್ತೇನೆ. ಬೆವರಿನ ವಾಸನೆಯೂ ಹತ್ತಿಯಿಂದ ಹೋಗುವಷ್ಟು ಸುಲಭವಾಗಿ ಪಾಲಿಯೆಸ್ಟರಿನಿಂದ ಹೋಗುವುದಿಲ್ಲ.

ಪಟ್ಟಿಯ ಮೇಲಿನ ಸೈಜನ್ನು ನಂಬಬೇಡಿ. ದಶಕದಿಂದ ದಶಕಕ್ಕೆ, ಕಂಪನಿಯಿಂದ ಕಂಪನಿಗೆ ಒಂದೇ ಸಂಖ್ಯೆಯ ಅಳತೆ ಬದಲಾಗುತ್ತ ಬಂದಿದೆ, ಅದರಲ್ಲೂ ಹೆಂಗಸರ ಉಡುಪುಗಳಲ್ಲಿ. ತೊಟ್ಟು ನೋಡುವುದಕ್ಕೆ ಬದಲಿಯಿಲ್ಲ. ಮನೆಗೆ ತಂದ ಮೇಲೆ ಅದನ್ನು ನೇರವಾಗಿ ಕಪಾಟಿಗೆ ಸೇರಿಸದೆ, ತಡೆಯುವ ಬಟ್ಟೆಯಾದರೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು; ತಿಗಣೆ, ಧೂಳಿನ ನುಸಿಗಳಂತಹವು ಆ ಬಿಸಿಗೆ ಸಾಯುತ್ತವೆ. ತಡೆಯದ ಉಣ್ಣೆಗೆ ಮೇಲೆ ಹೇಳಿದ ಫ್ರೀಜರಿನ ಕ್ರಮ ಸಾಕು.

ಅಂಗಡಿಯ ನಿಜವಾದ ವೆಚ್ಚ ಸಮಯದ್ದು. ಬೇಕಾದದ್ದು ಬೇಕಾದ ದಿನ ಸಿಗುವುದಿಲ್ಲ, ನಾಲ್ಕು ಸಲ ಬರಿಗೈಯಲ್ಲಿ ಮರಳಬೇಕಾಗಬಹುದು, ಮತ್ತು ಬರಿಗೈಯಲ್ಲಿ ಮರಳಲು ಮನಸ್ಸಾಗದೆ ಬೇಡದ್ದನ್ನು ತರುವುದೇ ಇಲ್ಲಿನ ದೊಡ್ಡ ಅಪಾಯ.

ಆನ್‌ಲೈನ್ ಮತ್ತು ಅದಲುಬದಲು

ಬಹಳ ಎತ್ತರದವರು, ಬಹಳ ಗಿಡ್ಡರು, ಅಥವಾ ನಿರ್ದಿಷ್ಟವಾದ ಒಂದೇ ವಸ್ತುವನ್ನು ಹುಡುಕುವವರು ಅಂಗಡಿಗಿಂತ ಆನ್‌ಲೈನ್‌ನಲ್ಲಿ ಬೇಗ ಗೆಲ್ಲುತ್ತಾರೆ, ಏಕೆಂದರೆ ಆಯ್ಕೆಯ ಹರವು ದೊಡ್ಡದು. ಇಲ್ಲಿ ನಿಮ್ಮ ಮೈಯ ಅಳತೆ ಉಪಯೋಗಕ್ಕೆ ಬರುವುದಿಲ್ಲ. ನಿಮಗೆ ಚೆನ್ನಾಗಿ ಕೂರುವ ಸ್ವಂತ ಬಟ್ಟೆಯೊಂದನ್ನು ನೆಲಕ್ಕೆ ಹಾಸಿ, ಹೆಗಲಿನಿಂದ ಹೆಗಲಿಗೆ, ಕಂಕುಳಿನಿಂದ ಕಂಕುಳಿಗೆ, ಪ್ಯಾಂಟಾದರೆ ಸೊಂಟದಿಂದ ತೊಡೆಸಂದಿನವರೆಗೆ ಅಳೆದಿಟ್ಟುಕೊಂಡು, ಮಾರುವವರ ಬಳಿಯೂ ಅದೇ ಕ್ರಮದಲ್ಲಿ ಅಳೆಸಬೇಕು. ಕಂಕುಳು ಮತ್ತು ತೊಡೆಸಂದಿನ ಫೋಟೋ ಕೇಳಿದಾಗ ಕಳಿಸದವರಿಂದ ಕೊಳ್ಳುವುದು ಬೇಡ. ಹಿಂದಿರುಗಿಸುವ ವೆಚ್ಚ ನಿಮ್ಮ ತಲೆಯ ಮೇಲೆ ಬೀಳುವುದಾದರೆ ಅದನ್ನು ಬೆಲೆಗೆ ಸೇರಿಸಿಯೇ ಯೋಚಿಸಿ. ಮೊದಲ ಸಲ ಬಳಸಿದ ಬಟ್ಟೆ ಕೊಳ್ಳುತ್ತಿರುವವರು ಕೋಟು, ಪ್ಯಾಂಟುಗಳನ್ನು ಹೀಗೆ ತರಿಸದೆ, ಸ್ಕಾರ್ಫ್, ಬೆಲ್ಟು, ಸಡಿಲ ಸ್ವೆಟರಿನಂತಹವುಗಳಿಂದ ಆರಂಭಿಸುವುದು ಒಳ್ಳೆಯದು.

ಅದಲುಬದಲಿನಲ್ಲಿ ಹಣವಿಲ್ಲ, ಬಟ್ಟೆಯ ಪೂರ್ವಕಥೆಯೂ ಗೊತ್ತಿರುತ್ತದೆ. ನಿಮ್ಮಷ್ಟೇ ಮೈಕಟ್ಟಿನ ಸ್ನೇಹಿತರು ಒಬ್ಬಿಬ್ಬರಾದರೂ ಇದ್ದರೆ ಇದನ್ನು ಕಪಾಟಿನ ಬಳಿಕದ ಎರಡನೆಯ ಸ್ಥಾನದಲ್ಲಿಡುತ್ತೇನೆ. ಇಲ್ಲದಿದ್ದರೆ ಇದು ಕೈಚೀಲ, ಶಾಲುಗಳ ವಿನಿಮಯದಲ್ಲೇ ಮುಗಿಯುತ್ತದೆ.

ಯಾರಿಗೆ ಯಾವುದು

ಕೈಯಲ್ಲಿ ಹಣವೇ ಇಲ್ಲದವರಿಗೆ ಸ್ವಂತ ಕಪಾಟು, ಅದಲುಬದಲು ಮತ್ತು ಸೂಜಿದಾರ ಮೂರೇ ಸಾಕು. ಗುಂಡಿ ಹಾಕುವುದು, ಅಂಚು ಮಡಿಚುವುದು, ತೇಪೆ ಹಚ್ಚುವುದು ಈ ಮೂರನ್ನು ಕಲಿತರೆ ಮೂಲೆ ಸೇರಿದ ಬಟ್ಟೆಗಳಲ್ಲಿ ಗಣನೀಯ ಪಾಲು ಮತ್ತೆ ಮೈಮೇಲೆ ಬರುತ್ತದೆ. ಸ್ವಲ್ಪ ಹಣವಿದ್ದರೆ ಅದರ ಮೊದಲ ಪಾಲನ್ನು ದರ್ಜಿಗೆ ಕೊಡಿ, ಬಟ್ಟೆಗಲ್ಲ. ಹೆಗಲು ಸರಿಯಿದ್ದು ಸೊಂಟ ಸಡಿಲವಾಗಿರುವ ಎರಡು ಹಳೆಯ ಉಡುಪುಗಳನ್ನು ಸರಿಪಡಿಸಿಕೊಳ್ಳುವುದರಿಂದ ಬರುವ ಪ್ರಯೋಜನ ಇನ್ನೊಂದು ಅಗ್ಗದ ಅಂಗಿಯಿಂದ ಬರಲಾರದು. ಹಣವಿದ್ದು ಬಿಡುವಿಲ್ಲದವರು ಅಂಗಡಿ ಸುತ್ತುವ ಯೋಚನೆಯನ್ನೇ ಬಿಟ್ಟು, ಕಪಾಟಿನ ಕೊರತೆಯನ್ನು ಬರೆದಿಟ್ಟುಕೊಂಡು, ಅಳತೆಸಹಿತ ಆನ್‌ಲೈನ್‌ನಲ್ಲಿ ಒಂದೊಂದನ್ನೇ ತರಿಸಲಿ. ಬಿಡುವಿದ್ದು ಹಣ ಕಡಿಮೆಯಿರುವವರಿಗೆ ಅಂಗಡಿಯೇ ಸರಿ.

ಮೈತೂಕ ಏರಿಳಿಯುತ್ತಿರುವವರು, ಬಾಣಂತಿಯರು, ಇನ್ನೂ ಬೆಳೆಯುತ್ತಿರುವ ವಯಸ್ಸಿನವರು ಆಲ್ಟರೇಷನ್‌ಗೆ ಹಣ ಹಾಕದೆ, ಹಿರಿಯರ ಟ್ರಂಕಿನ ಸಡಿಲ ಬಟ್ಟೆಗಳನ್ನೂ ಅದಲುಬದಲನ್ನೂ ನೆಚ್ಚಿಕೊಳ್ಳುವುದು ಲೇಸು. ಕಚೇರಿಗೆ ಅಚ್ಚುಕಟ್ಟಾದ ಉಡುಪು ಬೇಕಾದವರು ಬಳಸಿದ ಬಟ್ಟೆಯ ಅಂಗಡಿಯಲ್ಲಿ ಹುಡುಕಬೇಕಾದದ್ದು ಕೋಟನ್ನು. ಅದು ಪ್ಯಾಂಟಿನಷ್ಟು ಸವೆಯುವುದಿಲ್ಲ, ಹೊಸದಾಗಿ ಕೊಂಡರೆ ಬೆಲೆ ಹೆಚ್ಚು, ಮತ್ತು ಕಪಾಟಿನಲ್ಲಿರುವ ಹತ್ತು ಅಂಗಿಗಳ ಮೇಲೂ ಹಾಕಬಹುದು. ಪ್ಯಾಂಟನ್ನು ಮಾತ್ರ ಸ್ವಂತ ಕಪಾಟಿನಿಂದಲೇ ಆರಿಸಿ, ಇಲ್ಲದಿದ್ದರೆ ಅದೊಂದನ್ನು ಹೊಸದಾಗಿ ಹೊಲಿಸಿ. ಇನ್ನು ಒಂದೇ ಒಂದು ಸಮಾರಂಭಕ್ಕೆ ಉಡುಪು ಬೇಕಾದವರು ಏನನ್ನೂ ಕೊಳ್ಳದೆ, ಅಳತೆ ಹೊಂದುವ ಸ್ನೇಹಿತರಿಂದ ಕೇಳಿ ತಂದು, ತೊಟ್ಟು, ಒಗೆದು ಇಸ್ತ್ರಿ ಮಾಡಿ, ಸಡಿಲಾಗಿದ್ದ ಗುಂಡಿಯಿದ್ದರೆ ಅದನ್ನೂ ಬಿಗಿ ಹೊಲಿದು ಹಿಂದಿರುಗಿಸಲಿ.